ಬಂಡೆಗೆ ಬೇರು ಬಿಟ್ಟ ಗರಗಸ

ಮಾನ್ಯ ಯಂತ್ರ ಪರೀಕ್ಷಾಧಿಕಾರಿಗಳೇ,

ನಿಮ್ಮ ಕಛೇರಿ ಪರೀಕ್ಷಿಸಿ, ಉತ್ತಮವೆಂದು ಮುದ್ರೆ ಒತ್ತಿ ಕಳಿಸಿದ ವಿದ್ಯುತ್ ಗರಗಸವೊಂದು ನಮ್ಮ ಮಧುಗಿರಿಯಲ್ಲಿದೆ. ಅದನ್ನು ನಿಲ್ಲಿಸಿದರೆ ನಿಲ್ಲುವುದಿಲ್ಲ. ನಿಂತರೂ ಮನಸ್ಸು ಬಂದಾಗ ತಾನೇ ಹೊರಡುತ್ತದೆ. ಈ ಒಂದು ಸಂಗತಿಯನ್ನು ಒಂಬತ್ತು ತಿಂಗಳಿಂದ ಏಳು ಕಾಗದಗಳಲ್ಲಿ ನಿಮಗೆ ಬರೆದಿದ್ದೇನೆ. ಎಂಟನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಕಛೇರಿಯಲ್ಲಿ ಓದಲು ಬಿಡುವಿಲ್ಲದವರು ಮನೆಯಲ್ಲಿ ಕಾಫಿ ಕುಡಿಯುವಾಗಲಾದರೂ ಓದಿಯಾರು.

ಇದನ್ನು ಮೊದಲ ಸಲ ಬುಡದಿಂದ ತುದಿಯವರೆಗೆ ಹೇಳಿದವಳು ಬಡಗಿ ಕಾಟಪ್ಪನ ಹೆಂಡತಿ ಹನುಮಕ್ಕ. ಹೇಳಿದ್ದು ಈ ವಿಕ್ರಮ ಸಂವತ್ಸರದ ಆಯುಧಪೂಜೆಯ ಸಂಜೆ, ನಮ್ಮ ಮನೆಯ ಜಗಲಿಯ ಮೇಲೆ. ಕೇಳಿದವರು ಒಂಬತ್ತು ಜನ. ಅವಳು ಅಷ್ಟು ಹೊತ್ತು ಒಂದು ಕಡೆ ಕೂತು ಮಾತಾಡಿದ್ದನ್ನು ಈ ವರ್ಷದಲ್ಲಿ ಯಾರೂ ಕಂಡಿರಲಿಲ್ಲ. ಏಕೆಂದು ಮುಂದೆ ತಿಳಿಯುತ್ತದೆ.

ಕಳೆದ ಕಾರ್ತಿಕದಲ್ಲಿ ಕಾಟಪ್ಪ ಈ ಯಂತ್ರವನ್ನು ತರಿಸಿದ. ಊರಿನ ಹೆರಿಗೆ ವಾರ್ಡಿನ ಬಾಗಿಲು, ಕಿಟಕಿಗಳ ಕೆಲಸ ಅವನ ಪಾಲಿಗೆ ಬಂದಿತ್ತು. ಎಲ್ಲ ಸೇರಿ ನಲವತ್ತು. ಮರ ಕೊಯ್ಯಲು ಬರಗೂರಿನಿಂದ ಬರುತ್ತಿದ್ದ ಇಬ್ಬರಿಗೆ, ಇನ್ನು ಯಂತ್ರವೇ ಕೊಯ್ಯುತ್ತದೆ ಎಂದು ಎಲೆಯಡಿಕೆ ಕೊಟ್ಟು ಕಳಿಸಿಬಿಟ್ಟ. ಅವರು ಬೇರೆ ಸೀಮೆಗೆ ಹೋದರು. ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳಿದವನು ನಾನು. ಅದರ ಎರಡನೆಯ ಪುಟದಲ್ಲಿ, ಯಂತ್ರವು ಕಿಂಚಿತ್ತೂ ಅಲುಗದಂತೆ ನೆಲಕ್ಕೆ ಭದ್ರಪಡಿಸತಕ್ಕದ್ದು ಎಂದಿತ್ತು. ಓದಿದೆ.

ಸ್ವಾಮಿ, ಬೇರೆ ಊರಿನಲ್ಲಿ ಭದ್ರ ಎಂದರೆ ನಾಲ್ಕು ಮೊಳೆ ಇರಬಹುದು. ನಮ್ಮದು ಬೆಟ್ಟದ ಬುಡದ ಊರು. ಕಾಟಪ್ಪನ ಅಂಗಡಿಗೆ ನೆಲವೇ ಇಲ್ಲ. ಬಂಡೆಯ ಮೇಲೆ ನಾಲ್ಕು ಗೋಡೆ ಎಬ್ಬಿಸಿದ್ದಾರೆ, ಅಷ್ಟೆ. ಅವನು ಕಲ್ಲುಕುಟಿಗ ಬೊಮ್ಮಪ್ಪನನ್ನು ಕರೆಸಿದ. ಬೊಮ್ಮಪ್ಪ ಬಂಡೆಯಲ್ಲಿ ನಾಲ್ಕು ಗುಳಿ ತೋಡಿದ, ಬಾಯಿ ಕಿರಿದು, ಹೊಟ್ಟೆ ಅಗಲ. ಯಂತ್ರದ ಎರಕದ ಕಾಲುಗಳನ್ನು ಅದರಲ್ಲಿ ಇಳಿಸಿ ಸುತ್ತ ಕಾದ ಸೀಸ ಎರೆದ. ಗುಡಿಯ ಕಂಬ ನಿಲ್ಲಿಸುವ ಕ್ರಮ ಅದು. ಕೆಲಸ ಮುಗಿದ ಮೇಲೆ ಯಂತ್ರದ ಬೆನ್ನು ತಟ್ಟಿ ಹೇಳಿದ: "ಇನ್ ಇದು ಅಲ್ಲಾಡ್ಬೇಕು ಅಂದ್ರೆ ಬೆಟ್ಟ ಅಲ್ಲಾಡ್ಬೇಕು ಕಣ್ಲಾ ಕಾಟ."

ನಾವೆಲ್ಲ ಹೆಮ್ಮೆಯಿಂದ ತಲೆದೂಗಿದೆವು. ನಾನೂ ತೂಗಿದೆ. ಈ ಕಾಗದದಲ್ಲಿ ಯಾರ ತಪ್ಪನ್ನು ಮುಚ್ಚಿಟ್ಟರೂ ನನ್ನದನ್ನು ಮುಚ್ಚಿಡುವುದಿಲ್ಲ.

ಯಂತ್ರ ಕೊಯ್ದ ಮೊದಲ ಮರ ಅಂಗಡಿಯ ಹೊಸ ಬಾಗಿಲಿನ ಚೌಕಟ್ಟಿಗೆ ಹೋಯಿತು. ಚೆನ್ನಾಗಿಯೇ ಕೊಯ್ದಿತು. ತಿಂಗಳು ತುಂಬುವ ಹೊತ್ತಿಗೆ ನಿಲ್ಲಿಸುವ ಹಿಡಿ ಸಡಿಲವಾಯಿತು. ಹಿಡಿಯನ್ನು ಕೆಳಗೆ ಎಳೆದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಕೆಲವು ಸಲ ನಿಂತು, ಕಾಟಪ್ಪ ಬೀಡಿ ಹಚ್ಚಿದ ಮೇಲೆ ಮತ್ತೆ ಹೊರಡುತ್ತಿತ್ತು. ಮಾರಿದ ಅಂಗಡಿಗೆ ಬರೆದೆ. ಮುದ್ರೆ ಒತ್ತಿದವರನ್ನು ಕೇಳಿ ಎಂದರು. ನಿಮಗೆ ಬರೆದೆ. ನೀವು ಉತ್ತರಿಸಿದಿರಿ: "ಸದರಿ ಯಂತ್ರವು ಈ ಕಛೇರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುವುದರಿಂದ ಅದರಲ್ಲಿ ದೋಷವಿರಲು ಸಾಧ್ಯವಿಲ್ಲ."

ಎಂಥ ಗಟ್ಟಿ ವಾದ! ಮೂವತ್ತು ವರ್ಷ ಮೇಷ್ಟರಾಗಿದ್ದೆ. ನಾನು ಪಾಸು ಮಾಡಿದ ಹುಡುಗರಲ್ಲಿ ಒಬ್ಬನೂ ದಡ್ಡನಿರಲು ಸಾಧ್ಯವಿಲ್ಲ ಎಂದು ಹೇಳುವ ಧೈರ್ಯ ನನಗೆ ಒಂದು ದಿನವೂ ಬರಲಿಲ್ಲ.

ಆ ಉತ್ತರ ಬಂದ ಹತ್ತನೆಯ ದಿನ, ಹಿಡಿ ಎಳೆದು ಚಕ್ರ ನಿಂತ ಮೇಲೆ, ಕಾಟಪ್ಪ ಹೊಟ್ಟು ಬಳಿಯಲು ಕೈ ಹಾಕಿದ. ದೋಷವಿರಲು ಸಾಧ್ಯವಿಲ್ಲದ ಯಂತ್ರ ತಿರುಗಿತು. ಎಡಗೈಯ ಕಿರುಬೆರಳೂ ಉಂಗುರಬೆರಳೂ ಹೋದವು. ನಾನು ಆಸ್ಪತ್ರೆಗೆ ಓಡಿದಾಗ ಅವನೇ ನನಗೆ ಸಮಾಧಾನ ಹೇಳಿದ: "ಇನ್ನೂ ಎಂಟವೆ, ಬುಡಿ ಮೇಷ್ಟ್ರೇ." ಹನುಮಕ್ಕ ಮಾತ್ರ ನಗಲಿಲ್ಲ.

ಅದನ್ನೂ ನಿಮಗೆ ಬರೆದೆ. ಆಗ ನೀವು ದಯೆ ತೋರಿಸಿ ಯಂತ್ರವನ್ನು ಬೆಂಗಳೂರಿಗೆ ಕಳಿಸಿ ಎಂದಿರಿ. ಕಾಲಿಗೂ ಒಡಲಿಗೂ ನಡುವೆ ಇರುವ ನಾಲ್ಕು ಬೋಲ್ಟುಗಳ ಮೇಲಿನ ಅರಗಿನ ಮುದ್ರೆ ಒಡೆದಿರಬಾರದು, ಒಡೆದಿದ್ದರೆ ಒಂದು ವರ್ಷದ ಹೊಣೆ ಅಲ್ಲಿಗೇ ರದ್ದು ಎಂದೂ ಸೇರಿಸಿದಿರಿ. ಕಾಲು ಬಂಡೆಯೊಳಗಿದೆ. ಬೋಲ್ಟು ಬಿಚ್ಚದೆ ಒಡಲು ಬರುವುದಿಲ್ಲ. ಬಿಚ್ಚಿದರೆ ಮುದ್ರೆ ಒಡೆಯುತ್ತದೆ. ಸೀಸ ಕರಗಿಸೋಣವೆಂದರೆ ಬೆಂಕಿಗೆ ಮೊದಲು ಕರಗುವುದು ನಿಮ್ಮ ಅರಗು. ಇದನ್ನೆಲ್ಲ ವಿವರಿಸಿ, ಒಬ್ಬರನ್ನು ಇಲ್ಲಿಗೇ ಕಳಿಸಿ ಎಂದು ಬೇಡಿಕೊಂಡೆ. ನಿಮ್ಮ ಆಷಾಢದ ಕಾಗದ ಹೀಗಿದೆ: ಪರಿಶೀಲಕರು ಬರುತ್ತಾರೆ. ಬರುವ ದಿನವನ್ನು ಮುಂಚೆ ತಿಳಿಸುವ ಪದ್ಧತಿಯಿಲ್ಲ. ಅವರು ಬಂದಾಗ ಯಂತ್ರ ನಡೆಯುತ್ತಿರಬೇಕು. ನಿಂತಿದ್ದರೆ ದೂರು ವಜಾ.

ಅಂದಿನಿಂದ ಕಾಟಪ್ಪ ಯಂತ್ರ ನಡೆಸುತ್ತಿದ್ದಾನೆ. ಬಿಡಲು ಅವನಿಗೆ ದಾರಿಯೂ ಇಲ್ಲ. ಅಂಗಡಿಯ ನಟ್ಟನಡುವೆ ಯಂತ್ರ ಕೂತಿದೆ, ಕೈಗರಗಸ ಎಳೆಯಲು ಜಾಗವಿಲ್ಲ, ಎಳೆಯುವವರೂ ಇಲ್ಲ. ನಡುನಡುವೆ ನಿಂತು ಹೊರಡುವ ಯಂತ್ರ ಮರವನ್ನೆಲ್ಲ ಸೊಟ್ಟ ಕೊಯ್ಯುವುದರಿಂದ ಹೆರಿಗೆ ವಾರ್ಡಿನ ಬಾಗಿಲುಗಳಿಗೆ ಇನ್ನೂ ಗೋಣಿತಾಟು ಕಟ್ಟಿದ್ದಾರೆ. ಬಸುರಿಯರು ಹನುಮಕ್ಕನನ್ನು ಬೀದಿಯಲ್ಲಿ ಕಂಡರೆ "ನಮ್ ಬಾಗ್ಲು ಯಾವಾಗಕ್ಕ?" ಎನ್ನುತ್ತಾರೆ.

ಹನುಮಕ್ಕ ಒಂದು ಉಪಾಯ ಮಾಡಿದಳು. ಗೋಡೆಯ ಮೇನ್ ಸ್ವಿಚ್ಚಿನ ಹಿಡಿಯ ಮೇಲೆ ಬಲಗೈ ಇಟ್ಟು ನಿಂತಳು. ಕಾಟಪ್ಪ ಹ್ಞೂಂ ಎಂದರೆ ಎತ್ತಬೇಕು, ಸಾಕು ಎಂದರೆ ಇಳಿಸಬೇಕು. ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಅದೇ ಕೆಲಸ, ಮೂರು ತಿಂಗಳಿಂದ. ಮುದ್ದೆ ತಿನ್ನುವಾಗ ಯಂತ್ರ ನಿಲ್ಲುತ್ತದೆ. ಅಷ್ಟರಲ್ಲಿ ಪರಿಶೀಲಕರು ಬಂದುಬಿಟ್ಟರೆ ಎಂದು ಅವಳು ನಿಂತೇ ತಿನ್ನುತ್ತಾಳೆ. ಜಗಲಿಯ ಮೇಲೆ ಅವಳು ಹೇಳಿದ ಮಾತು ಇದು: "ಗೋಡೆಗೆ ಒಡ್ದಿರೋ ಗೂಟ ಆಗ್ಬುಟ್ಟಿವ್ನಿ ಕಣ್ ಮೇಷ್ಟ್ರೇ. ತವರಿಗೆ ಹೋಗಂಗಿಲ್ಲ, ಕೆಮ್ಮಂಗಿಲ್ಲ. ಸೊಳ್ಳೆ ಕಚ್ಚಿದ್ರೆ ಅದು ತಿಂದು ಹೋಗೋಗಂಟ ಸುಮ್ಕಿರಬೇಕು. ನನ್ ಕೈ ಒಂಚೂರು ಜಾರಿದ್ರೆ ಅವರ ಕೈ ಹೋಯ್ತದೆ."

ಆಯುಧಪೂಜೆಯ ದಿನ ಆಯುಧ ಮುಟ್ಟುವಂತಿಲ್ಲ. ಹನುಮಕ್ಕನಿಗೆ ವರ್ಷಕ್ಕೊಂದೇ ರಜ. ಉಳಿ, ಬಾಚಿಗಳ ಜೊತೆ ಯಂತ್ರವನ್ನೂ ತೊಳೆದು, ಚೆಂಡುಹೂವಿನ ಸರ ಹಾಕಿ, ಮೇಲೆ ಬೂದುಗುಂಬಳಕಾಯಿ ಇಟ್ಟರು. ಹಬ್ಬದ ದಿನ ಅಂಗಡಿ ಕತ್ತಲಾಗಿರಬಾರದೆಂದು ಕಾಟಪ್ಪ ದೀಪದ ಬುರುಡೆ ಹಾಕಿದ. ಬುರುಡೆಗೂ ಯಂತ್ರಕ್ಕೂ ಒಂದೇ ಮೇನ್ ಸ್ವಿಚ್ಚು, ಎತ್ತದೆ ಬೆಳಕಿಲ್ಲ. ಯಂತ್ರದ ಹಿಡಿ ಇಳಿದೇ ಇತ್ತು. ಹನುಮಕ್ಕ ಚಕ್ರದ ಹಲ್ಲುಗಳಿಗೆ ಕುಂಕುಮ ಇಟ್ಟು, ಆರತಿ ತಟ್ಟೆ ತರಲು ತಿರುಗಿದಳು.

"ಭರ್ರ್ ಅಂತು. ತಿರುಗಿ ನೋಡ್ತೀನಿ, ಕುಂಬಳಕಾಯಿ ಎರಡು ಓಳು! ನಾವು ಒಡೆಯಕ್ ಮುಂಚೆ ಅದೇ ಕುಯ್ಕೊಂಡೈತೆ. ಹೂವೆಲ್ಲ ಸೂರಿಗೆ. ನನ್ ಬೆರಳ ಮೇಲೆ ಕುಂಕುಮ ಇನ್ನೂ ಒಣಗಿರಲಿಲ್ಲ."

ಶಿರಾದಿಂದ ಹಬ್ಬಕ್ಕೆ ಬಂದಿದ್ದ ನಮ್ಮ ಭಾವನೆಂಟ ಶಂಕರಲಿಂಗಪ್ಪನವರು ಮೆಲ್ಲಗೆ ಕೆಮ್ಮಿದರು. ಅವರಲ್ಲಿಯೂ ಇಂಥದೇ ಯಂತ್ರವಿದೆ. ಅದೂ ನಿಲ್ಲುವುದಿಲ್ಲ, ಆದ್ದರಿಂದ ವೈರು ಬಿಚ್ಚಿಟ್ಟು ಅದರ ಮೇಲೆ ಸಂಡಿಗೆ ಒಣಗಿಸುತ್ತಾರೆ. ನನ್ನಿಂದ ದೂರು ಬರೆಸಲೆಂದು ತಂದಿದ್ದ ಅದರ ಪರೀಕ್ಷಾಪತ್ರ ಅವರ ಕೋಟಿನ ಜೇಬಿನಲ್ಲಿತ್ತು. ಕಾಟಪ್ಪನದನ್ನು ಪಕ್ಕದಲ್ಲಿಟ್ಟು ನೋಡಿದೆವು. ಒಂದೇ ತಾರೀಖು, ಒಂದೇ ಸಹಿ, ಯಂತ್ರದ ಸಂಖ್ಯೆಯೂ ಒಂದೇ. ಎರಡು ಯಂತ್ರಗಳಿಗೆ ಒಂದು ಸಂಖ್ಯೆ ಹೇಗೆ ಬಂತು, ಮಾನ್ಯರೇ? ಒಂದನ್ನು ಪರೀಕ್ಷಿಸಿ ಎರಡಕ್ಕೂ ಮುದ್ರೆ ಒತ್ತಿದಿರೋ, ಒಂದನ್ನೂ ಪರೀಕ್ಷಿಸದೆ ಒತ್ತಿದಿರೋ? ಒತ್ತಿದ ಕೈಗೆ ಐದು ಬೆರಳೂ ಇವೆಯೆಂದು ನಂಬಿದ್ದೇನೆ. ಇರಲಿ, ನೂರು ಕಾಲ ಇರಲಿ. ಕೊರಟಗೆರೆಗೂ ಪಾವಗಡಕ್ಕೂ ಇದೇ ಸಂಖ್ಯೆಯ ಯಂತ್ರಗಳು ಹೋಗಿವೆಯೇ ಎಂದು ಕೇಳಿ ಕಾಗದ ಹಾಕಿದ್ದೇನೆ.

ಹನುಮಕ್ಕ ಎದ್ದು ಸೆರಗು ಕೊಡವಿಕೊಂಡಳು. "ನಾಳಿಂದ ಮತ್ತೆ ನಿಂತ್ಕಬೇಕು. ವರ್ಷದ ವಾಯ್ದೆ ಮುಗಿಯಕ್ಕೆ ಇನ್ನೊಂದ್ ತಿಂಗಳೈತೆ. ಆಮ್ಯಾಕೆ ಆ ಸಾಹೇಬ್ರೂ ಬರಲ್ಲ, ನಾನೂ ಗೋಡೆ ಬುಟ್ಟು ಬರಲ್ಲ."

ಆಗ ಮೂಲೆಯಲ್ಲಿದ್ದ ಬೊಮ್ಮಪ್ಪ ಕೇಳಿದ: "ಮೇಷ್ಟ್ರೇ, ಕಾಗ್ದದಾಗೆ ಏನೈತೆ? ಬೋಲ್ಟು ಮುಟ್ಬ್ಯಾಡಿ ಅಂತ ತಾನೆ? ಬಂಡೆ ಮುಟ್ಬ್ಯಾಡಿ ಅಂತ ಬರ್ದವ್ರಾ?"

ಲಾಟೀನು ತರಿಸಿ ನಿಮ್ಮ ಐದೂ ಉತ್ತರಗಳನ್ನು ಓದಿದೆ. ಬಂಡೆಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ವಿಜಯದಶಮಿ. ಕಥೆ ಕೇಳಿದ ಒಂಬತ್ತು ಜನವೂ ಕಾಟಪ್ಪನ ಅಂಗಡಿಯ ಮುಂದೆ ಸೇರಿದ್ದರು. ಬೊಮ್ಮಪ್ಪ ಹಿಂದಿನ ದಿನ ಪೂಜೆಗಿಟ್ಟಿದ್ದ ಉಳಿಗಳನ್ನು ಅರಿಶಿನ ಒರೆಸದೆ ಹಾಗೇ ತಂದಿದ್ದ. ಯಂತ್ರದ ನಾಲ್ಕೂ ಕಾಲುಗಳ ಆಚೆಗೆ ಬಂಡೆಯ ಮೇಲೆ ಕೆಮ್ಮಣ್ಣಿನಲ್ಲಿ ಗೆರೆ ಎಳೆದ. ಶಂಕರಲಿಂಗಪ್ಪನವರು ಕೋಟು ಬಿಚ್ಚಿ ಸುತ್ತಿಗೆ ಹಿಡಿದರು. ಕಾಟಪ್ಪ ತನ್ನ ಮೂರು ಬೆರಳಿನ ಕೈಯಲ್ಲಿ ಬಾಗಿಲಿನ ಚೌಕಟ್ಟನ್ನು ಕಿತ್ತು ದಾರಿ ಮಾಡಿದ. ಆ ಯಂತ್ರ ನೆಟ್ಟಗೆ ಕೊಯ್ದಿದ್ದ ವಸ್ತು ಅದೊಂದೇ. ಹನುಮಕ್ಕ ಅಭ್ಯಾಸಬಲದಿಂದ ಗೋಡೆಯ ಬಳಿ ಹೋಗಿ ನಿಂತಿದ್ದಳು. "ವೈರೇ ಬಿಚ್ಚಿಬುಟ್ಟಿವ್ನಿ, ಬಾ ಈಚೆಗೆ" ಎಂದು ಕಾಟಪ್ಪ ಮೂರು ಸಲ ಕರೆಯಬೇಕಾಯಿತು.

ಇದನ್ನು ಬರೆಯುವ ಹೊತ್ತಿಗೆ ಬಂಡೆ ಮೂರು ಕಡೆ ಬಿಟ್ಟಿದೆ. ಮುಂದಿನ ವಾರ ನಾಲ್ಕೆತ್ತಿನ ಗಾಡಿಯಲ್ಲಿ ತುಮಕೂರಿಗೆ, ಅಲ್ಲಿಂದ ರೈಲಿನಲ್ಲಿ ನಿಮ್ಮಲ್ಲಿಗೆ ಬರುತ್ತದೆ. ಬಂಡೆ, ಕಾಲು, ಬೋಲ್ಟು, ಒಡಲು, ಎಲ್ಲವೂ ಕೂಡಿ. ಅರಗಿನ ಮುದ್ರೆಗೆ ಒಂದು ಗೀರೂ ಆಗದಂತೆ ಬಾಳೆನಾರು ಸುತ್ತಿದ್ದೇವೆ. ಮುದ್ರೆಯ ಮೇಲೆ ಕಾಣುವ ಕೆಂಪು ಕುಂಕುಮ. ಅದನ್ನು ಬೇರೆ ಏನೆಂದೂ ಬರೆದುಕೊಳ್ಳಬೇಡಿ.

ನಮ್ಮ ಬೇಡಿಕೆ ದೊಡ್ಡದಲ್ಲ. ನಿಮ್ಮ ಕಛೇರಿಯ ಬಾಗಿಲು ಕಿರಿದಾಗಿದ್ದರೆ ಈಗಲೇ ಚೌಕಟ್ಟು ಬಿಚ್ಚಿಸಿಡಿ. ಯಂತ್ರವನ್ನು ನಮ್ಮ ಕಣ್ಣೆದುರಿಗೆ ನಡೆಸಿ, ನಿಲ್ಲಿಸಿ, ಹೊಟ್ಟನ್ನು ನೀವೇ ಬಳಿದು ತೋರಿಸಿ. ಅದಕ್ಕೆ ಮನಸ್ಸಾಗದಿದ್ದರೆ ನಿಲ್ಲುವಂಥ ಹಿಡಿಯನ್ನು ಹಾಕಿಕೊಡಿ, ಈ ಸಂಖ್ಯೆಯ ಎಲ್ಲ ಯಂತ್ರಗಳಿಗೂ ಹಾಕಿಸಿ, ಪರೀಕ್ಷಿಸದೆ ಒತ್ತಿದ ಮುದ್ರೆಯನ್ನು ಹಿಂದಕ್ಕೆ ಪಡೆಯಿರಿ. ಅಲ್ಲಿಯವರೆಗೆ ಮೇನ್ ಸ್ವಿಚ್ಚಿನ ಬಳಿ ನಿಲ್ಲಲು ನಿಮ್ಮವರೊಬ್ಬರನ್ನು ನೇಮಿಸಿಕೊಳ್ಳಿ. ಹನುಮಕ್ಕ ನಮ್ಮ ಜೊತೆ ಬರುತ್ತಾಳೆ, ಆದರೆ ಕೂತಿರುತ್ತಾಳೆ.

ಇಂತಿ,
ಭದ್ರ ಎಂಬ ಮಾತನ್ನು ಓದಿ ಹೇಳಿದ ತಪ್ಪಿಗೆ ಈ ವಯಸ್ಸಿನಲ್ಲಿ ಬಂಡೆ ಹೊತ್ತು ಬರುತ್ತಿರುವ
ನಂದೀಶ್ವರಯ್ಯ, ನಿವೃತ್ತ ಉಪಾಧ್ಯಾಯ
ಮಧುಗಿರಿ, ಅಕ್ಟೋಬರ್ ೧೯೪೦