ಕೋಳಿಯಿಂದ ಕದ್ದ ಮಾಲು

ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಚಿನ್ನೀ,

ಹೇಗಿದ್ದೀಯ? ನಿನ್ನವರೂ ಮಗಳೂ ಕ್ಷೇಮ ತಾನೆ? ಮಗಳು ಶಾಲೆಗೆ ಸೇರಿದಳು, ಮುಂದಿನ ಎರಡು ಹಲ್ಲು ಬಿದ್ದಿವೆ ಎಂದು ನೀನು ನಾಲ್ಕು ಸಾಲು ಬರೆದು ಎಷ್ಟೋ ಕಾಲವಾಯಿತು. ಉತ್ತರ ಹಾಕದ ಅಕ್ಕನನ್ನು ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈದದ್ದು ಸರಿಯೇ. ಈ ಸಲದ ತಡವನ್ನು ಹೊಟ್ಟೆಗೆ ಹಾಕಿಕೋ. ಬರೆದರೆ ಗಟ್ಟಿ ಸುದ್ದಿಯನ್ನೇ ಬರೆಯಬೇಕೆಂದು ಹಟ ಹಿಡಿದು ಕೂತಿದ್ದೆ. ಅದು ಇವತ್ತು ಬೆಳಿಗ್ಗೆ ಕೈಗೆ ಬಂತು. ಅಕ್ಷರ ಸೊಟ್ಟಗಿದ್ದರೆ ಖುಷಿಯಲ್ಲಿ ಗೀಚಿದ್ದೆಂದು ತಿಳಿದುಕೋ.

ಕೋಳಿಗಳ ಮಾತು ಎತ್ತಿದ ಕೂಡಲೇ ನೀನು ಕಾಗದ ಮಡಿಚಿಡುತ್ತೀಯ, ಗೊತ್ತು. ಅಮ್ಮನಿಗೆ ಗಡ್ಡೆ ಬಂದಾಗಿನಿಂದ ನಿನ್ನ ತಲೆಯಲ್ಲಿ ಒಂದೇ ಮಾತು ಕೂತಿದೆ: ಅಕ್ಕ ಕೋಳಿಗಳ ಗಡ್ಡೆ ರೋಗವನ್ನು ತನ್ನ ಬಟ್ಟೆಯಲ್ಲಿ ಮನೆಗೆ ತಂದಳು. ಅದಕ್ಕೇ ನಿನ್ನ ಮನೆಯ ಬಾಗಿಲು ನನಗೆ ಮುಚ್ಚಿದೆ, ಮಗಳನ್ನು ಫೋಟೋದಲ್ಲಷ್ಟೇ ಕಂಡಿದ್ದೇನೆ. ಇದೊಂದು ಕಾಗದವನ್ನು ಮಾತ್ರ ಕೊನೆಯತನಕ ಓದು. ಆಮೇಲೆ ಮುಖ ಊದಿಸಿಕೊಳ್ಳಬೇಕೆಂದರೆ ಊದಿಸಿಕೋ.

ಪ್ರಯೋಗಾಲಯದಲ್ಲಿ ನಾವು ಮಾಡುವುದು ಇಷ್ಟು. ಕೋಳಿಯ ರೆಕ್ಕೆಯಡಿ ಬೆಳೆದ ಗಡ್ಡೆಯನ್ನು ಮರಳು ಹಾಕಿ ಅರೆದು, ನೀರಿನಲ್ಲಿ ಕದಡಿ, ಒಂದು ಜೀವಕೋಶವೂ ನುಸುಳದಂಥ ಸೋಸುಕದಲ್ಲಿ ಸೋಸುತ್ತೇವೆ. ಕೆಳಗಿಳಿದ ತಿಳಿನೀರನ್ನು ಚುಚ್ಚಿದರೆ ಆರೋಗ್ಯವಂತ ಮರಿಗೂ ಗಡ್ಡೆ ಏಳುತ್ತದೆ. ಆ ತಿಳಿನೀರಿನಲ್ಲಿ ಇರುವುದೇ ವೈರಸ್ಸು. ಅದು ಜೀವಕೋಶದೊಳಗೆ ಹೊಕ್ಕು, ಕೋಳಿಯ ವಂಶದ ಬರಹದ ನಡುವೆ ತನ್ನದನ್ನೂ ಸೇರಿಸಿಬಿಡುತ್ತದೆ. ಬಾಡಿಗೆಗೆ ಬಂದವನು ಮನೆಪತ್ರದಲ್ಲಿ ತನ್ನ ಹೆಸರು ಬರೆಸಿಕೊಂಡ ಹಾಗೆ. ಇದೇ ವೈರಸ್ಸಿನ ಇನ್ನೊಂದು ತಳಿಯಿದೆ, ಬಲು ಸಾಧು. ಬೆಳೆಯುತ್ತದೆ, ಗಡ್ಡೆ ಎಬ್ಬಿಸುವುದಿಲ್ಲ. ಎರಡನ್ನೂ ಹೋಲಿಸಿದರೆ ಸಾಧುವಿನ ಬರಹದಲ್ಲಿ ಒಂದು ತುಂಡು ಕಡಿಮೆ. ಅಂದರೆ ಕಿತಾಪತಿಯೆಲ್ಲ ಆ ತುಂಡಿನದು.

ಆ ತುಂಡಿಗೆ ಮಾತ್ರ ಅಂಟುವ ಒಂದು ಗುರುತಿನ ಎಳೆ ತಯಾರಿಸಿದೆವು. ರೋಗದ ಕೋಳಿಯಲ್ಲಿ ಅಂಟಬೇಕು, ರೋಗ ತಾಕದ ಕೋಳಿಯಲ್ಲಿ ಅಂಟಬಾರದು. ಎರಡರಲ್ಲೂ ಅಂಟಿತು. ನಮ್ಮ ಪ್ರಯೋಗಾಲಯದ ಹಿರಿಯರು, ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ, ಮುಖ ಗಂಟು ಹಾಕಿಕೊಂಡು, "ರೋಗದ್ದನ್ನ ಇದಕ್ಕೆ ಬೆರೆಸಿಬಿಟ್ಟಿದ್ದೀಯಮ್ಮ, ಮತ್ತೆ ಮಾಡು" ಅಂದರು. ನನಗೂ ಹಾಗೇ ಅನ್ನಿಸಿತು. ನಮ್ಮ ಕಸುಬಿನವರಿಗೆ ಕನಸಿನಲ್ಲೂ ಬೀಳುವ ಭಯ ಅದು. ಗಾಜಿನ ಸಾಮಾನೆಲ್ಲ ಹೊಸದು ತಂದೆ, ಬೇರೆ ಕಟ್ಟಡದಲ್ಲಿ ಕೂತು ಮಾಡಿದೆ. ಮತ್ತೆ ಅಂಟಿತು. ನಮ್ಮ ಕೋಳಿಮನೆಯ ಗಾಳಿಯೂ ಸೋಕದ ಬಾತುಕೋಳಿ ತರಿಸಿದೆ. ಅದಕ್ಕೂ ಅಂಟಿತು. ರೋಸಿಹೋಗಿ ಒಂದು ಮೀನಿನಲ್ಲಿ ನೋಡಿದೆ. ಸ್ವಲ್ಪ ಸಡಿಲವಾಗಿ, ಆದರೂ ಅಂಟಿತು. ಆವತ್ತು ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ನಾವು ತಪ್ಪು ಮಾಡ್ಲಿಲ್ಲ ಕಣಮ್ಮ, ತಪ್ಪು ತಿಳ್ಕೊಂಡಿದ್ವಿ" ಅಂದರು.

ಚಿನ್ನೀ, ಆ ತುಂಡು ವೈರಸ್ಸಿನದೇ ಅಲ್ಲ. ಕೋಳಿಯದೇ. ಜೀವಕೋಶ ಯಾವಾಗ ಬೆಳೆಯಬೇಕು, ಯಾವಾಗ ಸುಮ್ಮನಿರಬೇಕು ಎಂದು ನೋಡಿಕೊಳ್ಳುವ, ಮನೆಗೆ ಬೇಕಾದ ಆಳು. ವೈರಸ್ಸು ಎಂದೋ ಒಮ್ಮೆ ಅದನ್ನು ಕದ್ದುಕೊಂಡು ಹೋಗಿದೆ, ಕಳ್ಳನ ಕೈ ಸೇರಿದ ಮೇಲೆ ಅದಕ್ಕೆ ಲಂಗು ಲಗಾಮಿಲ್ಲ. ಕದ್ದ ಮಾಲಿಗೆ ನಾವು ಇಷ್ಟು ದಿನ ಕಳ್ಳನ ಹೆಸರು ಹಚ್ಚಿದ್ದೆವು. ಇದು ಹೊಳೆದ ದಿನ ನನಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಕಾರಿಡಾರಿನಲ್ಲಿ ಸಿಕ್ಕ ಸಿಕ್ಕವರನ್ನು ನಿಲ್ಲಿಸಿ ಹೇಳಿದೆ, ಪೈಪು ರಿಪೇರಿಗೆ ಬಂದವನನ್ನೂ ಬಿಡಲಿಲ್ಲ.

ಮನುಷ್ಯರಲ್ಲೂ ಇದೆಯೇ ನೋಡಬೇಕಲ್ಲ. ನನ್ನ ರಕ್ತವನ್ನೇ ಕೊಡಲು ತೋಳು ಮಡಿಚಿದೆ. ಅಷ್ಟರಲ್ಲಿ ನಿನ್ನ ಮುಖ ಕಣ್ಣೆದುರು ಬಂತು. "ನೋಡಿ, ಕೋಳಿರೋಗ ಅವಳ ರಕ್ತಕ್ಕೇ ಇಳಿದಿದೆ" ಅನ್ನುತ್ತೀಯ. ಅದಕ್ಕೆ ನಮ್ಮ ಕಚೇರಿಯ ಲೆಕ್ಕಿಗರನ್ನು ಹಿಡಿದೆ. ಮಹಾನುಭಾವರು ಒಂದು ಪುಕ್ಕ ಹಾರಿ ಬಂದರೂ ಕಿಟಕಿ ಮುಚ್ಚುವವರು, ಕೋಳಿಮನೆಯ ಕಡೆ ತಲೆ ಹಾಕಿ ಮಲಗಿದವರಲ್ಲ. ಅವರಲ್ಲೂ ಅಂಟಿತು. "ಹಾಗಾದ್ರೆ ನನ್ನೊಳಗೂ ಕೋಳಿ ಇದೆಯೇನ್ರೀ?" ಅಂತ ಕೇಳಿದರು, ಪಾಪ. ನಿನ್ನಲ್ಲಿದೆ, ನನ್ನಲ್ಲಿದೆ, ನಿನ್ನ ಮಗಳಲ್ಲಿದೆ. ಹುಟ್ಟುವಾಗಲೇ ತಂದದ್ದು, ಕಾಯಿಲೆಯಲ್ಲ.

ಇನ್ನು ಒಂದನ್ನು ನಿನ್ನನ್ನು ಕೇಳದೆ ಮಾಡಿದ್ದೇನೆ. ಅಮ್ಮನಿಂದ ತೆಗೆದ ಗಡ್ಡೆಯ ಒಂದು ಚೂರನ್ನು ಆಸ್ಪತ್ರೆಯವರು ಹಿಮಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮಗಳೆಂದು ರುಜು ಹಾಕಿ ಕೇಳಿದೆ, ಕೊಟ್ಟರು. ಕೋಳಿಯ ವೈರಸ್ಸು ಅಮ್ಮನೊಳಗೆ ಹೊಕ್ಕಿದ್ದರೆ, ಕದ್ದ ಮಾಲಷ್ಟೇ ಅಲ್ಲ, ಕಳ್ಳನ ಸ್ವಂತ ಗುರುತೂ ಅಲ್ಲಿ ಬರೆದಿರಬೇಕು. ಆ ಗುರುತಿಗೆ ಅಂಟುವ ಇನ್ನೊಂದು ಎಳೆ ಮಾಡಿ ಅದನ್ನೇ ಹುಡುಕಿದೆ; ಎಳೆ ಅಂಟಿದಲ್ಲಿ ಫಿಲ್ಮಿನ ಮೇಲೆ ಕಪ್ಪು ಪಟ್ಟೆ ಮೂಡುತ್ತದೆ. ಇವತ್ತು ಬೆಳಿಗ್ಗೆ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದೆ. ರೋಗದ ಕೋಳಿಯ ಸಾಲಿನಲ್ಲಿ ದಪ್ಪ ಕಪ್ಪು ಪಟ್ಟೆ. ಅಮ್ಮನ ಸಾಲು ಖಾಲಿ. ನನ್ನ ಕಣ್ಣನ್ನು ನಂಬದೆ ಮೇಷ್ಟ್ರ ಕೈಗೆ ಕೊಟ್ಟೆ. ಯಾರದೆಂದು ಅವರಿಗೆ ಹೇಳಿರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಏನೂ ಇಲ್ವಲ್ಲಮ್ಮ" ಅಂದರು. ನಾನು ಅಲ್ಲೇ ನಕ್ಕೆ, ಆಮೇಲೆ ಅತ್ತೆ, ಅವರು ಗಾಬರಿಯಾಗಿ ನೀರು ತಂದುಕೊಟ್ಟರು.

ಅಮ್ಮನಿಗೆ ಗಡ್ಡೆ ಯಾಕೆ ಬಂತು ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ಬಟ್ಟೆಯಿಂದ ಬರಲಿಲ್ಲ, ಅಷ್ಟು ಗೊತ್ತು.

ಫಿಲ್ಮಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ನಿನ್ನವರಿಗೂ ತೋರಿಸು, ಅವರು ನಿನಗಿಂತ ತಾಳ್ಮೆಯವರು. ಒಪ್ಪಿಗೆಯಾದರೆ ಒಂದು ಭಾನುವಾರ ಬರುತ್ತೇನೆ. ಸ್ನಾನ ಮಾಡಿ, ಹೊಸ ಬಟ್ಟೆ ಹಾಕಿಕೊಂಡೇ ಬರುತ್ತೇನೆ, ಅದಕ್ಕೆಲ್ಲ ನನ್ನ ತಕರಾರಿಲ್ಲ. ಬಿದ್ದ ಹಲ್ಲಿನ ಜಾಗದಲ್ಲಿ ಮಗಳಿಗೆ ಬೇಗ ಒಳ್ಳೆಯ ಹಲ್ಲು ಬರಲಿ, ನಿನ್ನ ಹಾಗೆ ಚೂಟಿಯಾಗಿ ಬೆಳೆಯಲಿ. ನೀವು ಮೂವರೂ ನೂರು ಕಾಲ ತಣ್ಣಗಿರಿ.

ಇಂತು ನಿನ್ನ ಪ್ರೀತಿಯ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಮ್ಮ ನಿನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು, ಆಗ ನೀನು ತುಂಬಿದ ಬಸುರಿ. ಬಾಗಿಲಿಗೆ ಅಡ್ಡ ನಿಂತು, "ಒಳಗೆ ಬರಬೇಡ ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ" ಅಂದೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳು ಹೆದರಿದೆ, ಅದಕ್ಕೆ ನನಗೆ ಸಿಟ್ಟಿಲ್ಲ. ನಾನು ತಿರುಗಿ ಹೋದೆ. ಮತ್ತೆ ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಒಂದು ತಿಳಿಯಬೇಕು ಚಿನ್ನೀ. ಅಮ್ಮ ನನ್ನನ್ನು ಕೇಳಿದಳೇ? ಕೇಳಿದ್ದರೆ ಏನು ಹೇಳಿದೆ? ಕೆಲಸ ಇದೆ ಅಂದಿದ್ದರೂ ಬೇಸರವಿಲ್ಲ, ಊರಲ್ಲಿಲ್ಲ ಅಂದಿದ್ದರೂ ಬೇಸರವಿಲ್ಲ. ನಾನು ಬಾಗಿಲ ತನಕ ಬಂದಿದ್ದೆ ಎಂದು ಅಮ್ಮನಿಗೆ ಗೊತ್ತಿತ್ತೇ, ಅಷ್ಟು ಬರೆ.