ಉತ್ತರ ಬಾರದ ಶಿಳ್ಳೆ

ನವೆಂಬರ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಎರಡು ಪತ್ರಗಳೂ ಕೈಸೇರಿವೆ. ಎರಡನೆಯದರಲ್ಲಿ ಬೈದಿದ್ದೀಯಲ್ಲ, ಅದು ನನಗೆ ಸಲ್ಲಬೇಕಾದದ್ದೇ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಾಚೆ ಪೆನ್ನು ಓಡುತ್ತಿರಲಿಲ್ಲ. ಇವರು ಊಟ ಮುಗಿಸಿ ಮಲಗಿದ್ದಾರೆ. ಈಗ ಬರೆಯದಿದ್ದರೆ ಇನ್ನು ಬರೆದ ಹಾಗೆಯೇ! ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳು ಹಲ್ಲು ಬಂದದ್ದೇ ತಡ ಸಿಕ್ಕವರನ್ನೆಲ್ಲ ಕಚ್ಚುತ್ತಾಳೆ ಎಂದು ಓದಿ ನಕ್ಕೆ. ಈ ಮನೆಯಲ್ಲಿ ನಕ್ಕು ಬಹಳ ದಿನವಾಗಿತ್ತು.

ನನ್ನ ಕೈ ವಾಸಿಯಾಗಿದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಯಂತ್ರಕ್ಕೆ ತಾಗಿ ಸುಟ್ಟಿತ್ತು ಎಂದು ಬರೆದಿದ್ದೆನಲ್ಲ, ಅದು. ಹಾಗೆ ರಜೆಯಲ್ಲಿ ಕೂತಿದ್ದಾಗಲೇ ನಮ್ಮ ಮೇಲ್ವಿಚಾರಕಿ ಒಂದು ಹಕ್ಕಿಯನ್ನು ಪಂಜರದ ಸಮೇತ ತಂದುಕೊಟ್ಟರು. ಅವರು ಊರು ಬಿಟ್ಟು ಹೊರಟಿದ್ದರು. "ನಿಮ್ಮಿಬ್ಬರ ಮನೆ ತೀರಾ ಸಪ್ಪಗಿದೆ ಕಣ್ರೀ. ಒಂದು ದನಿ ಇರಲಿ" ಅಂದರು. ಕಾಕಟೀಲ್ ಅಂತೆ ಅದರ ಜಾತಿ. ಬೂದು ಮೈ, ಹಳದಿ ತುರಾಯಿ, ಎರಡು ಕೆನ್ನೆಗೂ ಕಿತ್ತಳೆ ಬಣ್ಣದ ಬೊಟ್ಟು. ತುರಾಯಿ ನೋಡಿ ಇವರು ಅದಕ್ಕೆ ದೊರೆ ಎಂದು ಹೆಸರಿಟ್ಟರು. ಪಂಜರವನ್ನು ಮುಂದಿನ ಕೋಣೆಯಲ್ಲಿ, ವಾದ್ಯ ರಿಪೇರಿ ಮಾಡುವ ತಮ್ಮ ಮೇಜಿನ ಹಿಂದುಗಡೆಯೇ ತೂಗುಹಾಕಿದರು.

ಎಂಥ ಸಾಧು ಹಕ್ಕಿ ಗೊತ್ತಾ ಅಕ್ಕಾ! ನಾನು ಅಡುಗೆಮನೆಗೆ ಹೋದರೆ ಮೆಲ್ಲಗೆ ಒಂದು ಶಿಳ್ಳೆ ಹಾಕುವುದು. ನಾನು ಅಲ್ಲಿಂದಲೇ "ಏನೋ ದೊರೆ?" ಅನ್ನುವುದು. ಅಷ್ಟಕ್ಕೇ ಅದಕ್ಕೆ ಸಮಾಧಾನ. ನನ್ನ ಭುಜದ ಮೇಲೆ ಕೂತು ಕಿವಿಯ ಹತ್ತಿರದ ಕೂದಲನ್ನು ಒಂದೊಂದೇ ಎಳೆ ಬಾಚುತ್ತಿತ್ತು.

ಕೈ ವಾಸಿಯಾಗಿ ನಾನು ಕೆಲಸಕ್ಕೆ ಹೋಗತೊಡಗಿದೆ. ಅದೇ ವಾರ ಹಕ್ಕಿ ಬದಲಾಯಿತು. ಯಾರೋ ರಾತ್ರೋರಾತ್ರಿ ಬೇರೆ ಹಕ್ಕಿ ತಂದಿಟ್ಟರೇನೋ ಅನ್ನಬೇಕು, ಹಾಗೆ. ಸಂಜೆ ಕೈ ಒಡ್ಡಿದರೆ ರಕ್ತ ಬರುವಂತೆ ಕುಕ್ಕಿತು. ಕಾಳು ಹಾಗೇ ಉಳಿಯತೊಡಗಿತು. ಎದೆಯ ಗರಿಗಳನ್ನು ತಾನೇ ಕಿತ್ತು ಕಿತ್ತು ಹಾಕಿ, ಕೆಂಪು ಚರ್ಮ ಕಾಣುತ್ತಿತ್ತು. ಮೇಲಿನ ಮನೆಯ ನಿವೃತ್ತ ಟೀಚರ್ ಮೆಟ್ಟಿಲ ಬಳಿ ಸಿಕ್ಕಿ, "ಏನಮ್ಮಾ, ನಿಮ್ಮ ಹಕ್ಕಿ ದಿನವಿಡೀ ಅರಚುತ್ತಲ್ಲ, ಹೊಡೀತೀರೋ ಹೇಗೆ?" ಎಂದು ಕೇಳಿದರು. ತಮಾಷೆಗಲ್ಲ, ಮುಖ ಗಂಟುಹಾಕಿಕೊಂಡೇ ಕೇಳಿದರು.

ಒಳಗೆ ಬಂದು ಇವರೆದುರು ನಿಂತು ಕೇಳಿದರೆ, "ಇಲ್ವಲ್ಲ, ನಾನಿರುವಾಗ ಚೂರೂ ಸದ್ದಿಲ್ಲ. ಬಂಗಾರದಂಥ ಹಕ್ಕಿ" ಅಂದರು. ನನಗೆ ಮೈಯೆಲ್ಲ ಉರಿಯಿತು. ಇವರ ಸ್ವಭಾವ ನಿನಗೆ ಗೊತ್ತಲ್ಲ, ಕೆಲವು ವರ್ಷಗಳಿಂದ ಕೇಳಿದ್ದಕ್ಕೆ ಉತ್ತರವಿಲ್ಲ, ಕರೆದರೆ ಓಗೊಡುವುದಿಲ್ಲ. ಈಗ ಸುಳ್ಳು ಬೇರೆ ಕಲಿತರೇ ಅಂದುಕೊಂಡೆ. ಹಕ್ಕಿಗೆ ಏನಾದರೂ ಮಾಡುತ್ತಿದ್ದಾರೆಯೇ ಎಂಬ ಕೆಟ್ಟ ಯೋಚನೆಯೂ ಸುಳಿಯಿತು. ಕಟ್ಟಿಕೊಂಡವರ ಬಗ್ಗೆ ಹೀಗೆ ಯೋಚಿಸುವ ಹಾಗಾಯಿತಲ್ಲ!

ದೊರೆಯನ್ನು ಪಶುವೈದ್ಯರ ಹತ್ತಿರ ಒಯ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ರೆಕ್ಕೆ ಬಿಡಿಸಿ, ಕೊಕ್ಕು ತೆರೆದು ನೋಡಿ, "ರೋಗ ಇಲ್ಲ. ಮನೇಲಿ ಏನಾದ್ರೂ ಬದಲಾಗಿದೆಯಾ?" ಎಂದು ಕೇಳಿದರು.

"ನಾನು ಕೆಲಸಕ್ಕೆ ಹೋಗ್ತಿದೀನಿ, ಅಷ್ಟೇ. ನಮ್ಮನೆಯವರು ಇಡೀ ದಿನ ಅದೇ ಕೋಣೇಲಿ ಇರ್ತಾರೆ."

"ಅದು ಕೂಗಿದ್ರೆ ಅವರು ಉತ್ತರ ಕೊಡ್ತಾರಾ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ಇವು ಗುಂಪಿನ ಹಕ್ಕಿಗಳಮ್ಮಾ. ಆಗಾಗ 'ಇದ್ದೀಯಾ?' ಅಂತ ಕೂಗಿ ನೋಡ್ತವೆ. ಆ ಕಡೆಯಿಂದ 'ಇದ್ದೀನಿ' ಅಂತ ಬಂದ್ರೆ ಸುಮ್ಮನಾಗ್ತವೆ. ಬರದೇ ಇದ್ರೆ ಇನ್ನೂ ಜೋರಾಗಿ ಕೂಗ್ತವೆ. ಆಮೇಲೂ ಬರದಿದ್ರೆ ಹೆದರ್ತವೆ, ಗರಿ ಕಿತ್ಕೊಳ್ತವೆ. ಯಾರೂ ಇಲ್ಲದ ಮನೆಗಿಂತ, ಎದುರಿಗೇ ಇದ್ದೂ ಮಾತಾಡದವರ ಮನೆ ಅವಕ್ಕೆ ಕಷ್ಟ."

ಮಾರನೆಯ ದಿನ ಅರ್ಧ ರಜೆ ಹಾಕಿ ಹೇಳದೆ ಮನೆಗೆ ಬಂದೆ. ಬಾಗಿಲು ತೆರೆದೇ ಇತ್ತು. ಇವರು ನನಗೂ ಹಕ್ಕಿಗೂ ಬೆನ್ನು ಹಾಕಿ, ಮಡಿಲಲ್ಲಿ ಯಾರದೋ ಗಿಟಾರ್ ಇಟ್ಟುಕೊಂಡು ತಂತಿ ಬಿಗಿಯುತ್ತಿದ್ದರು. ದೊರೆ ಮೆಲ್ಲಗೆ ಶಿಳ್ಳೆ ಹಾಕಿತು, ಹಿಂದೆ ನನಗೆ ಹಾಕುತ್ತಿದ್ದಂಥದ್ದೇ. ಇವರು ತಲೆಯೆತ್ತಲಿಲ್ಲ. ಮತ್ತೆ ಹಾಕಿತು. ಆಮೇಲೆ ಅರಚಿತು ನೋಡು, ಬಾಗಿಲ ಬಳಿ ನಿಂತ ನನ್ನ ಕಿವಿ ಗುಯ್ಗುಟ್ಟಿತು. ಇವರು ನಿಧಾನವಾಗಿ ತಂತಿ ಮೀಟಿ, ಗಿಟಾರಿನ ಮೈಗೆ ಕೆನ್ನೆಯೊತ್ತಿ, ಕಣ್ಣು ಮುಚ್ಚಿಕೊಂಡರು. ಹಿಂದೆ ಆ ಹಕ್ಕಿ ಎದೆ ಕಿತ್ತುಕೊಳ್ಳುತ್ತಿತ್ತು.

"ರೀ" ಅಂದೆ. "ರೀ!" ಎಂದು ಕೂಗಿದೆ. ಕೊನೆಗೆ ಹೋಗಿ ಭುಜ ಮುಟ್ಟಿದೆ. ಬೆಚ್ಚಿಬಿದ್ದು ಎದ್ದುನಿಂತರು. ನನ್ನ ಮುಖ ನೋಡಿದರು, ನನ್ನ ಹಿಂದೆ ಅರಚುತ್ತಿದ್ದ ದೊರೆಯ ತೆರೆದ ಬಾಯಿ ನೋಡಿದರು. ನಾನು ಕೇಳುವ ಮೊದಲೇ ಅವರೇ ಕುರ್ಚಿಯಲ್ಲಿ ಕುಸಿದು ಹೇಳಿದರು, "ಸಣ್ಣ ತಂತಿಗಳ ದನಿ ಮೊದಲು ಹೋಯ್ತು. ಆಮೇಲೆ ಒಂದೊಂದೇ. ಈಗ ಕೆನ್ನೆ ಇಟ್ಟು, ಅದುರಿದ್ದು ನೋಡಿ ಶ್ರುತಿ ಮಾಡ್ತೀನಿ. ವಾದ್ಯ ಸರಿ ಮಾಡೋನಿಗೆ ಕಿವಿ ಹೋಯ್ತು ಅಂತ ಯಾರ ಹತ್ರ ಹೇಳ್ಲಿ? ನಿನ್ನ ಹತ್ರ ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು."

ನಮ್ಮ ಆಸ್ಪತ್ರೆಯಲ್ಲೇ ತೋರಿಸಿದೆ. ಕಿವಿಯ ನರ ಒಣಗಿದೆಯಂತೆ. ಯಂತ್ರ ಹಾಕಿದರೆ ದೊಡ್ಡ ಸದ್ದು ಕೇಳಬಹುದು, ಮಾತು ಬಿಡಿಬಿಡಿಯಾಗಿ ತಿಳಿಯುವುದು ಅನುಮಾನ ಅಂದರು. ಹಾಕಿಸಿದ್ದೇವೆ. ಪಾತ್ರೆ ಬಿದ್ದರೆ ಇವರು ತಲೆ ಹಿಡಿದುಕೊಳ್ಳುತ್ತಾರೆ, ನಾನು ಮಾತಾಡಿದರೆ ತುಟಿ ನೋಡುತ್ತಾರೆ.

ದೊರೆಯನ್ನು ಕೊಟ್ಟುಬಿಡೋಣ ಎಂದದ್ದು ಇವರೇ. ನಾನು ಬೇಡವೆಂದು ಅತ್ತುಬಿಟ್ಟೆ. "ಅದು ಕರೀತಾ ಇರುತ್ತೆ, ನಾನು ಕಲ್ಲಿನ ಹಾಗೆ ಕೂತಿರ್ತೀನಿ. ಅದಕ್ಯಾಕೆ ಆ ಶಿಕ್ಷೆ?" ಅಂದರು. ತಾವೇ ಪಂಜರ ಹೊತ್ತು ಮೆಟ್ಟಿಲು ಹತ್ತಿ ಟೀಚರ್ ಮನೆಗೆ ಒಪ್ಪಿಸಿ ಬಂದರು. ಬೈಯುತ್ತಿದ್ದ ಟೀಚರಿಗೆ ಈಗ ಅದೇ ಲೋಕ. ಬೆಳಗಿನಿಂದ ಸಂಜೆಯವರೆಗೆ ಇಬ್ಬರದೂ ಹರಟೆ. ಎದೆಯಲ್ಲಿ ಹೊಸ ಗರಿ ಮೂಡುತ್ತಿದೆಯಂತೆ. ನಾನಿನ್ನೂ ಹೋಗಿ ನೋಡಿಲ್ಲ. ನೋಡಿದರೆ ಅದು ಶಿಳ್ಳೆ ಹಾಕುತ್ತದೆ, ಆಮೇಲೆ ಬಿಟ್ಟು ಬರುವುದು ನನ್ನಿಂದಾಗದು.

ಇವರು ವಾದ್ಯ ರಿಪೇರಿಯ ಬೋರ್ಡು ಇಳಿಸಿದ್ದಾರೆ. ದಿನವಿಡೀ ಹಳೆಯ ಮೊಳೆ, ತಂತಿ ಬಿಗಿಯುವ ಬಿರಡೆಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ. ಮುಂದೇನೆಂದು ಇಬ್ಬರಿಗೂ ಗೊತ್ತಿಲ್ಲ. ಏನು ಹೇಳುವುದಿದ್ದರೂ ನಾನು ಎದುರು ನಿಂತು ಕೂಗುತ್ತೇನೆ. ಬೀದಿಯವರು ನಾವು ದಿನಾ ಜಗಳವಾಡುತ್ತೇವೆ ಅಂದುಕೊಂಡಿರಬೇಕು.

ನೀನು ಹುಷಾರಾಗಿರು. ಮಂಡಿಗೆ ಬಿಸಿನೀರ ಶಾಖ ತಪ್ಪಿಸಬೇಡ. ಮಕ್ಕಳೆಲ್ಲ ಸುಖವಾಗಿರಲಿ, ಕಚ್ಚುವ ಮೊಮ್ಮಗಳು ಹಲ್ಲೆಲ್ಲ ಗಟ್ಟಿಯಾಗಿ ನೂರು ವರ್ಷ ಬಾಳಲಿ. ದೊಡ್ಡವಳು ನೀನು, ನಮ್ಮಿಬ್ಬರನ್ನೂ ಹರಸು.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು. ಹೋದ ವರ್ಷ ವಿಶ್ರಾಂತಿಗೆಂದು ನಿನ್ನ ಮನೆಗೆ ಬಂದು ಅಷ್ಟು ದಿನ ಇದ್ದೆನಲ್ಲ, ಅದು ವಿಶ್ರಾಂತಿಗಲ್ಲ ಅಕ್ಕಾ. ಇವರನ್ನು ಬಿಟ್ಟೇ ಬಂದಿದ್ದೆ. ಹೋಗಲು ಬೇರೆಲ್ಲೂ ಜಾಗವಿಲ್ಲವೆಂದು ಇಲ್ಲಿಗೆ ತಿರುಗಿ ಬಂದವಳು, ಮನಸ್ಸನ್ನು ತಂದಿರಲಿಲ್ಲ. ನಿನ್ನಲ್ಲಿಗೆ ಹೊರಡುವ ದಿನ ಇವರು ಮೇಜಿನ ಮುಂದೆ ಕೂತಿದ್ದರು. ಚೀಲ ಹಿಡಿದು ಇವರ ಬೆನ್ನ ಹಿಂದೆ ನಿಂತು, ಮೆಲ್ಲಗೆ, "ಹೋಗಬೇಡ ಅನ್ನಿ, ಸಾಕು, ಹೋಗಲ್ಲ" ಅಂದಿದ್ದೆ. ಇವರು ತಿರುಗಲಿಲ್ಲ. ಅದೇ ಇವರ ಉತ್ತರ ಅಂದುಕೊಂಡೆ. ನಾನು ಹಾಗೊಂದು ಮಾತು ಆಡಿದ್ದೆ ಎಂಬುದು ಇವರಿಗೆ ಈಗಲೂ ಗೊತ್ತಿಲ್ಲ. ಹೇಳಬೇಕೆಂದು ಎದುರು ಹೋಗಿ ನಿಲ್ಲುತ್ತೇನೆ, ಇವರು ನನ್ನ ತುಟಿಯನ್ನೇ ನೋಡುತ್ತಾ ಕಾಯುತ್ತಾರೆ. ಆದರೆ ಅದು ಕೂಗಿ ಹೇಳುವಂಥ ಮಾತಲ್ಲವಲ್ಲ ಅಕ್ಕಾ.