ಕೆಂಪು ಗಾಡಿಯ ಎಡಗಡೆ ಸೀಟು

೬ ಜನವರಿ ೨೦೦೩, ಬೆಳಿಗ್ಗೆ

ಹಲಗೆ ಇನ್ನೂ ಬಂದಿಲ್ಲ. ಬೋಳು ಲಾರಿ ಚಾಸಿ ತಂದ ಡ್ರೈವರ್ ಎರಡು ದಿನದಿಂದ ನನ್ನ ಶೆಡ್ಡಿನಲ್ಲೇ ಬಿದ್ದಿದ್ದಾನೆ. ಚಹಾ ನನ್ನದು, ಗೊರಕೆ ಅವನದು. ಲಾರಿಗೆ ಬಾಡಿ ಕಟ್ಟುವವನ ಹಣೆಬರಹವೇ ಇಷ್ಟು. ಕಬ್ಬಿಣ ಬಂದರೆ ಕಟ್ಟಿಗೆ ಇಲ್ಲ, ಕಟ್ಟಿಗೆ ಬಂದರೆ ಬಡಿಗ ಇಲ್ಲ. ಫೋನಿನಲ್ಲಿ ಕಟ್ಟಿಗೆ ಅಡತಿಯವನಿಗೆ ಬೈದೆ. ಬೈದ ಮೇಲೆ ನೆನಪಾಯಿತು, ಬೈಯಬಾರದು. ಸಿಟ್ಟು ಬಂದರೆ ಬಾಯಿ ಮುಚ್ಚಿಕೊಂಡು ಕಾಗದದ ಮೇಲೆ ಬರೆಯಿರಿ, ಬಿಪಿ ಇಳಿಯುತ್ತದೆ ಎಂದಿದ್ದಾರೆ ಡಾಕ್ಟರ್. ಆಯಿಲ್ ಏಜೆಂಟ್ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ಇರಲಿ, ಯಾರು ಓದಬೇಕು.

ಬಿಪಿ ಏನೂ ಇಳಿಯಲಿಲ್ಲ.

ಮಧ್ಯಾಹ್ನ

ಊಟ ಮಾಡಿ ಕೆಂಪು ಗಾಡಿಯಲ್ಲಿ ಕೂತೆ. ದಿನಾ ಅರ್ಧ ಗಂಟೆ. ಶೆಡ್ಡಿನ ಹಿಂದಿನ ಮೂಲೆ, ಬೇವಿನ ನೆರಳು. ಯಾರೂ ಮಾತಾಡಿಸುವ ಹಾಗಿಲ್ಲ.

ಹನ್ನೆರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ನವಾಬರ ಕಾಲದ ಮನೆಯೊಂದನ್ನು ಕೆಡವಿದರು. ಲಾರಿ ಬಾಡಿಗೆಂದು ತೇಗದ ತೊಲೆ ಕೊಳ್ಳಲು ಹೋಗಿದ್ದೆ. ತೊಲೆಗಳ ಅಡಿಯಲ್ಲಿ ಇದು ಸಿಕ್ಕಿತು. ವಿಲಾಯತಿ ಕಾರು, ರೇಸಿನ ತಳಿ. ಎರಡೇ ಸೀಟು. ತಲೆಯ ಮೇಲೆ ಆಕಾಶ. ಕಟ್ಟಿಗೆಯ ಜೊತೆಗೇ ತೂಗಿಸಿದ ಹಾಗೆ ಹನ್ನೊಂದು ಸಾವಿರಕ್ಕೆ ಬಂತು. ನಾನೂ ಪೇಂಟರ್ ಅಬ್ದುಲ್ ಕರೀಮನೂ ಎರಡು ವರ್ಷ ಎಂಜಿನಿನ ಜೊತೆ ಬಡಿದಾಡಿ ಅದಕ್ಕೆ ಉಸಿರು ಬರಿಸಿದೆವು.

ಕಣ್ಣು ಮುಚ್ಚಿದರೆ ಶೆಡ್ಡು ಇಲ್ಲ. ಹಲಗೆ ಉಜ್ಜುವ ರಂದದ ಸಪ್ಪಳ ದೂರದ ಹಳ್ಳದ ಹಾಗೆ. ಗಾಡಿ ನಿಂತಲ್ಲೇ ನಿಂತಿದೆ, ಆದರೆ ಸಸ್ತಾಪುರ ಬಂಗ್ಲಾ ದಾಟುತ್ತದೆ, ಹೈವೇ ಹತ್ತುತ್ತದೆ. ಎರಡೂ ಕಡೆ ಒಣಗಿದ ತೊಗರಿಯ ವಾಸನೆ… ಎಲ್ಲಿಗೆ ಹೋಗುತ್ತೇನೋ ಗೊತ್ತಿಲ್ಲ. ತಲುಪುವ ಮೊದಲೇ ಯಾರಾದರೂ ಸುತ್ತಿಗೆ ಬೀಳಿಸುತ್ತಾರೆ.

೧೨ ಜನವರಿ, ಭಾನುವಾರ

ಮಗ ಸತೀಶಕುಮಾರ ಹುಮನಾಬಾದದಿಂದ ಬಂದಿದ್ದ. ಸೊಸೈಟಿಯಲ್ಲಿ ನೌಕರಿ. ಬಂದವನು ಕೂರುವ ಮೊದಲೇ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಅರ್ಥವಾಯಿತು, ಇವತ್ತು ಪಂಚಾಯಿತಿ.

"ಅಪ್ಪಾ, ಇದು ಲೀಟರಿಗೆ ಎಷ್ಟು ಕೊಡತದ?"

"ಏಳು. ಇಳಕಲು ಇದ್ರ ಎಂಟು."

"ಮಾರುತಿ ವ್ಯಾನ್ ಹದಿನೈದು ಕೊಡತದ. ಸಾಮಾನು ಹುಮನಾಬಾದದಾಗ ಯಾವ ಅಂಗಡಿಗೆ ಹೋದ್ರೂ ಸಿಗತಾವ. ನಿಮ್ಮದಕ್ಕ ಒಂದು ವಾಷರ್ ಬೇಕಂದ್ರ ಲೇಥಿನವನ ಕಾಲು ಹಿಡೀಬೇಕು."

"ನಾ ಯಾರ ಕಾಲೂ ಹಿಡಿದಿಲ್ಲ. ಕರೀಂ ಹಿಡಿದಾನ."

"ಹೌದ್ರಿ, ಹಿಡಿದೀನಿ" ಎಂದ ಕರೀಂ, ಬ್ರಷ್ ತೊಳೆಯುತ್ತ. "ಒಳ್ಳೇ ಕಾಲು ಅದಾವ ಅವನವು."

ಸತೀಶ ನಗಲಿಲ್ಲ. ಟೈರು ಮುಂಬೈಯಿಂದ ತರಿಸಬೇಕು, ಒಂದು ಟೈರಿನ ದುಡ್ಡಿನಲ್ಲಿ ವ್ಯಾನಿಗೆ ನಾಲ್ಕು ಬರುತ್ತವೆ. ಆಯಿಲ್ ಕುಡಿಯುತ್ತದೆ. ಮಳೆ ಬಂದರೆ ತೊಟ್ಟಿಯಾಗುತ್ತದೆ. ಹೈದರಾಬಾದಿನಲ್ಲಿ ಹಳೆ ಗಾಡಿ ಕೂಡಿಹಾಕುವ ಸಾಹೇಬರೊಬ್ಬರು ಇದ್ದಾರಂತೆ, ಮೂರು ಲಕ್ಷ ಕೊಡುತ್ತಾರಂತೆ. ಅದರಲ್ಲಿ ಹೊಸ ವ್ಯಾನ್ ಬಂದು ದುಡ್ಡು ಮಿಕ್ಕುತ್ತದೆ.

"ಅವ್ವಗ ಬಸ್ಸಿನ ಪಾವಟಿಗಿ ಏರಾಕ ಆಗಂಗಿಲ್ಲ. ದೊಡ್ಡವ್ವನ ಮಾರಿ ನೋಡಿ ಎಷ್ಟು ದಿನ ಆತು, ಕೇಳ್ರಿ."

ಕೇಳುವುದೇನು. ಗೊತ್ತಿದೆ. ಹೆಂಡತಿ ತುಳಜಾಬಾಯಿಯ ಮಂಡಿ ಹೋಗಿ ಎರಡು ವರ್ಷ. ಅವಳ ಅಕ್ಕ ವಿದ್ಯಾವತಿ ಹುಮನಾಬಾದದಲ್ಲಿ ಹಾಸಿಗೆ ಹಿಡಿದು ಒಂದು ವರ್ಷ. ಅವಳು ಈ ಕಡೆ ಬರುವಂತಿಲ್ಲ, ಇವಳು ಆ ಕಡೆ ಹೋಗುವಂತಿಲ್ಲ. ಫೋನಿನಲ್ಲಿ ಇಬ್ಬರೂ ಮಾತಿಗಿಂತ ಹೆಚ್ಚು ಉಸಿರು ಬಿಡುತ್ತಾರೆ.

"ವ್ಯಾನಿನಾಗ ಎಂಟು ಮಂದಿ ಕೂಡತಾರಂತ್ರಿ" ಎಂದಳು ತುಳಜಾಬಾಯಿ, ಬಾಗಿಲಿನಿಂದ.

"ಎಂಟು ಮಂದಿ ಎಲ್ಲಿ ಅದಾರ ನಮ್ಮ ಮನ್ಯಾಗ?"

"ಮಂದಿ ಯಾಕ ಬೇಕ್ರಿ? ಕಾಲು ಚಾಚಾಕ ಜಾಗ ಆದ್ರ ಸಾಕು."

ಡ್ರೈವರಿಗೆ ಬೈದೆ.

೧೩ ಜನವರಿ

ನಿನ್ನೆಯ ಮಾತಿಗೆ ಉತ್ತರ ಇವತ್ತು ತೋಚಿತು. ಸತೀಶ ಒಂದು ಖರ್ಚು ಬಿಟ್ಟ. ವ್ಯಾನ್ ಶೋರೂಮಿನ ಗೇಟು ದಾಟಿದ ಗಳಿಗೆಯಿಂದ ಅದರ ಬೆಲೆ ಕರಗುತ್ತದೆ. ಎರಡು ಲಕ್ಷದ್ದು ಐದು ವರ್ಷಕ್ಕೆ ಒಂದಾಗುತ್ತದೆ. ಆ ಒಂದು ಲಕ್ಷ ಎಲ್ಲಿ ಹೋಯಿತು? ಯಾರೂ ತಿನ್ನಲಿಲ್ಲ, ಕುಡಿಯಲಿಲ್ಲ. ಮನೆಯ ಮುಂದೆ ನಿಂತೇ ಹೋಯಿತು. ನನ್ನದು ಹನ್ನೊಂದು ಸಾವಿರದಿಂದ ಮೂರು ಲಕ್ಷಕ್ಕೆ ಏರಿದೆ, ಅದೂ ಬೇವಿನ ಕೆಳಗೆ ನಿಂತೇ. ಹೀಗಿರುವಾಗ ಪೆಟ್ರೋಲ್ ಕುಡಿದರೆ ಕುಡಿಯಲಿ. ಮನೆ ನಡೆಸುವ ಮಗ ಸ್ವಲ್ಪ ಕುಡಿದರೆ ಯಾರೂ ಏನೂ ಅನ್ನುವುದಿಲ್ಲ.

ಫೋನ್ ಮಾಡಿ ಹೇಳಿದೆ. "ಬರೋಬ್ಬರಿ ಅದ ಅಪ್ಪಾ. ಆದ್ರ ಏರಿದ ರೇಟಿನ ಮ್ಯಾಲ ಅವ್ವ ಕುಂತು ಹೋಗಾಕ ಬರತದೇನು?" ಎಂದ. ಇಟ್ಟುಬಿಟ್ಟೆ.

ಮಧ್ಯಾಹ್ನ ಕಣ್ಣು ಮುಚ್ಚಿದಾಗ ಇವತ್ತು ದಾರಿ ಗೊತ್ತಾಯಿತು. ೧೯೬೮. ಆಗ ಮುಂಬೈಯಿಂದ ಬೋಳು ಚಾಸಿ ಓಡಿಸಿಕೊಂಡು ಬರುವುದು ನನ್ನ ಕೆಲಸ. ಕ್ಯಾಬಿನ್ ಇಲ್ಲ, ಗಾಜಿಲ್ಲ, ಕೂರಲು ಒಂದು ಕಟ್ಟಿಗೆಯ ಪೆಟ್ಟಿಗೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಮೂರು ದಿನ ಗಾಳಿಯೊಳಗೇ ಬದುಕು. ಒಮ್ಮೆ ನಮ್ಮೂರು ಕಲ್ಯಾಣಕ್ಕೆ ತಿರುಗಬೇಕಾದ ಕಡೆ ತಿರುಗದೆ ನೇರ ಹುಮನಾಬಾದಕ್ಕೆ ಹೊಡೆದೆ. ಮದುವೆಯಾಗಿ ಮೂರು ತಿಂಗಳು, ಅವಳು ತವರಿನಲ್ಲಿದ್ದಳು. ಇನ್ನೊಂದು ಪೆಟ್ಟಿಗೆ ಹಗ್ಗದಿಂದ ಬಿಗಿದು ಕೂರಿಸಿದೆ. ಊರು ದಾಟುವ ತನಕ ತಲೆ ತಗ್ಗಿಸಿದ್ದಳು. ದಾಟಿದ ಮೇಲೆ ಸೆರಗನ್ನು ನನ್ನ ಟವೆಲಿನ ಹಾಗೆ ಮುಖಕ್ಕೆ ಸುತ್ತಿಕೊಂಡು "ಇನ್ನೂ ಜೋರ್ ಹೊಡೀರಿ" ಎಂದು ಕೂಗಿದಳು.

ಅವಳಿಗೆ ನೆನಪಿದೆಯೋ ಇಲ್ಲವೋ. ಕೇಳಿಲ್ಲ.

೧೫ ಜನವರಿ

ಸಂಕ್ರಾಂತಿ. ಕುಸುರೆಳ್ಳಿನ ಡಬ್ಬಿ ಕಟ್ಟಿದ್ದಳು ಅಕ್ಕನಿಗೆ. ನಡೆ, ಕೆಂಪು ಗಾಡಿಯಲ್ಲೇ ಹೋಗೋಣ ಎಂದೆ. ಸತೀಶನ ಬಾಯಿ ಮುಚ್ಚಿಸಬೇಕಿತ್ತು.

ಸೀಟು ನೆಲದಿಂದ ಗೇಣು ಎತ್ತರ. ಅರ್ಧ ಬಗ್ಗಿದಳು, ಮಂಡಿ ತಡೆಯಲಿಲ್ಲ, ಧಪ್ಪನೆ ಒಳಗೆ ಬಿದ್ದಳು. ಎದ್ದು ಬರಲು ಆಗಲಿಲ್ಲ. ಬಡಿಗರು ಬಂದು ಬಗಲಿಗೆ ಕೈ ಹಾಕಿ ಎತ್ತಿದರು, ತೊಲೆ ಎತ್ತಿದ ಹಾಗೆ. ಹಬ್ಬದ ಸೀರೆಗೆ ಗ್ರೀಸು. ಎಲ್ಲರೂ ನೋಡುತ್ತಿದ್ದರು. "ಜರಾ ಹುಷಾರ್ ಕುಂಡ್ರಾಕ ಬರಂಗಿಲ್ಲೇನು?" ಎಂದು ಚೀರಿದೆ. ನಾನೇ.

ಅವಳು ಡಬ್ಬಿ ತೆಗೆದು ಗೋಡೆಯ ಮಾಡದಲ್ಲಿ ಇಟ್ಟಳು.

೧೬ ಜನವರಿ

ಆ ಸಾಹೇಬರಿಗೆ ಫೋನ್ ಮಾಡು ಎಂದೆ ಸತೀಶನಿಗೆ.

೨ ಫೆಬ್ರವರಿ

ಮೂರು ಲಕ್ಷಕ್ಕೆ ಒಪ್ಪಿಗೆ. ಫೋಟೋ ನೋಡಿ ಒಪ್ಪಿದ್ದಾರೆ. ಹದಿನಾರಕ್ಕೆ ಬಂದು ಒಯ್ಯುತ್ತಾರೆ.

ಕರೀಂ ಗಾಡಿಯ ಮುಂದೆ ಬಹಳ ಹೊತ್ತು ನಿಂತಿದ್ದ.

"ಹಿಂಗೇ ಬಿಡತೀರೇನು ವೈಜಣ್ಣ? ಬಣ್ಣ ಹೋಗ್ಯದ, ಸೀಟು ಇಲಿ ಕಡದಾವ. ನಮ್ಮ ಶೆಡ್ಡಿನಿಂದ ಇವತ್ತಿನ ತನಕ ಯಾವ ಗಾಡಿ ಬೋಳು ಹೋಗ್ಯದ?"

ಖರೆ ಮಾತು. ನಮ್ಮಲ್ಲಿ ಹುಡುಗಿಯನ್ನು ಗಂಡನ ಮನೆಗೆ ಕಳಿಸಿದ ಹಾಗೆ ಗಾಡಿ ಕಳಿಸುತ್ತೇವೆ. ಹೂವು, ಬಳ್ಳಿ, ಹಣೆಯ ಮೇಲೆ ಹೆಸರು. ಮೂರು ಲಕ್ಷ ಕೊಡುವವನಿಗೆ ಹಳೆ ಮುಖ ತೋರಿಸಿದರೆ ಆಟೋ ನಗರದ ಉಳಿದ ಶೆಡ್ಡಿನವರು ಏನನ್ನಬೇಕು.

"ಮಾಡು" ಎಂದೆ. "ಎಡಗಡೆ ಸೀಟು ನಾ ಮಾಡತೀನಿ. ಅವರ ಮನೆಯಾಕಿಗೂ ಮಂಡಿ ಇರತಾವ."

೧೪ ಫೆಬ್ರವರಿ, ಸಂಜೆ

ಮುಗಿಯಿತು. ಇಷ್ಟು ಚಂದದ ಕೆಲಸ ನನ್ನ ಕೈಯಿಂದ ಮತ್ತೆ ಆಗುವುದಿಲ್ಲ.

ಹಳೆ ಬಣ್ಣ ಪೂರಾ ಕೆರೆದು ಎನಾಮಲ್ ಹಚ್ಚಿದ ಕರೀಂ. ಲಾರಿಯ ಕೆಂಪು, ಕಣ್ಣಿಗೆ ಹೊಡೆಯುವಂಥದ್ದು. ಬಾನೆಟ್ಟಿನ ಮೇಲೆ ಎರಡು ನವಿಲು. ಬದಿಗೆ ಕಮಲ. ಹಿಂದೆ ಹಾರ್ನ್ ಪ್ಲೀಸ್. ಎಡಗಡೆಯ ಹಳೆ ಸೀಟು ಕಿತ್ತು ಅಂಟು ಕಾಯಿಸುವ ಒಲೆಗೆ ಹಾಕಿದೆವು. ಅದೇ ನವಾಬರ ಮನೆಯ ತೇಗದಲ್ಲಿ ಹೊಸದು ಮಾಡಿದೆ. ಕೆಳಗೆ ಸ್ಪ್ರಿಂಗು. ಕುರ್ಚಿಯಷ್ಟು ಎತ್ತರ, ಹಿಡಿಯಲು ಹಿಡಿಕೆ, ಏರಲು ಪಾವಟಿಗೆ. ಪಕ್ಕದಲ್ಲಿ ರಬ್ಬರ್ ಚೆಂಡಿನ ಹಾರ್ನು, ಕೂತವರ ಕೈಗೆ ಸಿಗುವಂತೆ.

ಹಣೆಯ ಮೇಲೆ ಕರೀಂ 'ತುಳಜಾ' ಎಂದು ಬರೆದಿದ್ದಾನೆ. ನಾನು ಹೇಳಿರಲಿಲ್ಲ. ಅಳಿಸು ಎಂದೂ ಹೇಳಲಿಲ್ಲ.

೧೬ ಫೆಬ್ರವರಿ

ಬಂದರು. ಬಿಳಿ ಪೈಜಾಮ, ಒಳ್ಳೆಯ ಮನುಷ್ಯ. ಗಾಡಿ ನೋಡಿ ಅಲ್ಲೇ ಹಲಗೆಯ ರಾಶಿಯ ಮೇಲೆ ಕೂತರು. ಖುಷಿಗೆ ಕೂತರೆಂದು ತಿಳಿದು ಚಹಾ ಹೇಳಿದೆ.

"ಯೇ ಕ್ಯಾ ಕರ್ ದಿಯೇ ಆಪ್ ಲೋಗಾಂ?"

ಇದೇನು ಮಾಡಿಟ್ಟಿರಿ, ಹಳೆ ಬಣ್ಣ ಎಲ್ಲಿ ಎಂದರು. ಕೆರೆದೆವು ಎಂದೆ. ಸೀಟು ಎಲ್ಲಿ ಎಂದರು. ಸುಟ್ಟೆವು. ಚರ್ಮದ್ದು, ಹರಿದಿತ್ತು, ಇಲಿ—

ಸಾಹೇಬರ ಕಣ್ಣಲ್ಲಿ ನೀರಿತ್ತು. ಸುಳ್ಳಲ್ಲ. ಆ ಹರಿದ ಚರ್ಮಕ್ಕೇ, ಆ ಹೋದ ಬಣ್ಣಕ್ಕೇ ತಾವು ಮೂರು ಲಕ್ಷ ಕೊಡಲು ಬಂದದ್ದು ಎಂದರು. ಹುಟ್ಟಿದ ಹಾಗೇ ಇದ್ದರೆ ಮಾತ್ರ ಬೆಲೆಯಂತೆ. ಈಗ ಕೊಟ್ಟರೆ ಅರವತ್ತು ಸಾವಿರ, ಅದೂ ಎಂಜಿನಿನ ಮುಖ ನೋಡಿ. ಮೂವತ್ತು ವರ್ಷ ಬೋಳು ಚಾಸಿಗೆ ಬಣ್ಣ ಹಚ್ಚಿ ಬೆಲೆ ಏರಿಸಿದವರು ನಾವು. ಬಣ್ಣ ಹಚ್ಚಿದ್ದಕ್ಕೆ ಬೆಲೆ ಇಳಿದದ್ದು ಇದೇ ಮೊದಲು. ಚಹಾ ಮುಟ್ಟದೆ ಹೋದರು.

"ವ್ಯಾನ್ ಹೋತು" ಎಂದ ಸತೀಶ. ಚೀರಿದ್ದರೆ ನಾನೂ ಚೀರುತ್ತಿದ್ದೆ. ಮೆತ್ತಗೆ ಅಂದ. "ಇನ್ನ ಅವ್ವಗ ಏನು ಹೇಳೂದು ನೀವೇ ಹೇಳ್ರಿ."

೪ ಮಾರ್ಚ್

ಎರಡು ವಾರ ಗಾಡಿಯ ಕಡೆ ಹೋಗಲಿಲ್ಲ. ಮಧ್ಯಾಹ್ನ ಮನೆಯಲ್ಲೇ ಮಲಗಿದೆ. ಕಣ್ಣು ಮುಚ್ಚಿದರೆ ಬರೀ ಕತ್ತಲೆ, ದಾರಿ ಬರಲಿಲ್ಲ.

ಇವತ್ತು ಕರೀಂ ಕೆರೆಯುವ ಪಟ್ಟಿ ಹಿಡಿದು ಬಂದ. ಮುಖ ಸಣ್ಣದಾಗಿತ್ತು. "ಎಲ್ಲಾ ತಗದಬಿಡತೀನಿ ವೈಜಣ್ಣ. ಮತ್ತ ನೋಡ್ಲಿ ಅವರು." ತೆಗೆದರೂ ಹಳೆಯದು ಬರುವುದಿಲ್ಲ ಎಂದು ಅವನಿಗೂ ಗೊತ್ತು. ಹಣೆಯಿಂದಲೇ ಶುರು ಮಾಡಲು ಹೋದ.

"ಕರೀಂಭಾಯಿ, ಅಲ್ಲೇನು ಬರದದ?"

ತುಳಜಾಬಾಯಿ. ಕೋಲು ಊರಿಕೊಂಡು ಮನೆಯಿಂದ ಶೆಡ್ಡಿನ ತನಕ ಬಂದಿದ್ದಳು. ಸಂಕ್ರಾಂತಿಯ ಮೇಲೆ ಈ ಕಡೆ ಕಾಲಿಟ್ಟದ್ದು ಇದೇ ಮೊದಲು.

"ನಿಮ್ಮ ಹೆಸರು ಭಾಬಿ."

"ನನ್ನ ಹೆಸರು ನನ್ನ ಮುಂದ ಕೆರೀತಿಯೇನು? ಇಡು ಅದನ್ನ."

ಆಮೇಲೆ ಎಡಗಡೆಯ ಸೀಟು ನೋಡಿದಳು. ಕೈಯಿಂದ ಒತ್ತಿ ನೋಡಿದಳು, ಹಿಟ್ಟು ನೋಡಿದ ಹಾಗೆ. ಕೋಲು ನನ್ನ ಕೈಗೆ ಕೊಟ್ಟಳು. ಪಾವಟಿಗೆಯ ಮೇಲೆ ಒಂದು ಕಾಲು. ಹಿಡಿಕೆ. ತಿರುಗಿದಳು, ಕೂತಳು. ಯಾರೂ ಮುಟ್ಟಲಿಲ್ಲ. ಇಳಿದಳು. ಮತ್ತೆ ಹತ್ತಿ ಕೂತಳು.

"ಇದನ್ನ ಆ ಸಾಹೇಬರ ಹೆಂಡತಿಗಂತ ಮಾಡಿದ್ರೇನು?"

"ಹ್ಞೂಂ."

"ಆಕಿ ಅಳತಿ ನಿಮಗ ಹ್ಯಾಂಗ ಗೊತ್ತಿತ್ತು?"

ಕರೀಂ ಬ್ರಷ್ ತೊಳೆಯಲು ಹೋದ. ಬ್ರಷ್ ಒಣಗಿತ್ತು.

೫ ಮಾರ್ಚ್

ಮೋರಖಂಡಿಯ ಕಡೆ ಒಂದು ಟ್ರಯಲ್. ನನ್ನ ಸೀಟು ಹಳೆಯದೇ, ನೆಲಕ್ಕೆ ಹತ್ತಿದ್ದು. ಅವಳದು ಅಂಬಾರಿ. ನಾನು ಗಾಜಿನ ಕೆಳಗೆ, ಅವಳ ತಲೆ ಗಾಜಿನ ಮೇಲೆ. ಆಟೋ ನಗರ ಪೂರಾ ಕೆಲಸ ಬಿಟ್ಟು ರಸ್ತೆಗೆ ಬಂತು. ನಕ್ಕರು. ಅವಳು ಚೆಂಡು ಹಿಚುಕಿ ಎಲ್ಲರಿಗೂ ಹಾರ್ನ್ ಹೊಡೆದಳು.

ಊರು ದಾಟಿದ ಮೇಲೆ ಹೊಲಗಳು ಖಾಲಿ. ಬೆಳಕು ಹಾಲಿನ ಹಾಗೆ. ರಸ್ತೆ ತಾನಾಗಿಯೇ ಚಕ್ರದೊಳಗೆ ಬಂದು ಸೇರುತ್ತಿತ್ತು. ಮೇಲೆ ನೋಡಿದೆ. ಸೆರಗು ಮುಖಕ್ಕೆ ಸುತ್ತಿಕೊಂಡಿದ್ದಳು, ಟವೆಲಿನ ಹಾಗೆ. ಕಣ್ಣು ಮಾತ್ರ ಹೊರಗೆ. ಮೂವತ್ತೈದು ವರ್ಷ ನಡುವೆ ಎಲ್ಲೋ ಬಿದ್ದುಹೋಯಿತು, ಸಪ್ಪಳವೂ ಆಗಲಿಲ್ಲ.

ಏನೋ ಕೂಗಿದಳು. ಗಾಳಿಗೆ ಕೇಳಿಸಲಿಲ್ಲ. ಏನೆಂದು ಗೊತ್ತಿತ್ತು. ಜೋರು ಹೊಡೆದೆ.

೯ ಮಾರ್ಚ್, ಭಾನುವಾರ, ಬೆಳಿಗ್ಗೆ

ಹುಮನಾಬಾದಕ್ಕೆ ಹೊರಟಿದ್ದೇವೆ. ಸತೀಶ ಫೋನ್ ಮಾಡಿದ. "ದೊಡ್ಡವ್ವನ ಮಂಚ ಕಿಡಕಿ ಹಂತೇಕ ಎಳದೀನಿ. ನೀವು ಬರೂದು ಆಕಿಗೆ ಕಾಣಬೇಕು" ಎಂದ. ಆಮೇಲೆ ತಡೆಯಲಾರದೆ, "ಹೋಗಿ ಬರಾಕ ಹತ್ತು ಲೀಟರ್ ಆಗತದ ಅಪ್ಪಾ, ಲೆಕ್ಕಾ ಇಡ್ರಿ" ಎಂದ. ಮಳೆಗಾಲಕ್ಕೆ ಏನು ಮಾಡುತ್ತೀರಿ ಎಂದೂ ಕೇಳಿದ. ಮಳೆಗಾಲ ಜೂನಿಗೆ.

ಕುಸುರೆಳ್ಳು ಸಂಕ್ರಾಂತಿಯದೇ. ಅದೇ ಡಬ್ಬಿ. ಕೆಡುವುದಿಲ್ಲವಂತೆ.

ಇರಲಿ, ಲೆಕ್ಕ ಇಡೋಣ ಎಂದು ಕೂತೆ. ಪೆಟ್ರೋಲು, ವ್ಯಾನಿನ ಎರಡರಷ್ಟು. ಟೈರು, ನಾಲ್ಕರಷ್ಟು. ಬೆಲೆ, ಎರಡು ಲಕ್ಷ ನಲವತ್ತು ಸಾವಿರ ಒಂದೇ ದಿನದಲ್ಲಿ ಬಿತ್ತು. ಐದು ವರ್ಷಕ್ಕೂ ಯಾವ ವ್ಯಾನೂ ಇಷ್ಟು ಬೀಳದು. ಒಟ್ಟು ನೋಡಿದರೆ ಸತೀಶ ಹೇಳಿದ್ದೇ ಸರಿ. ಇನ್ನು ಈ ಜಮಾ ಕಡೆ ಏನು ಬರೆಯಬೇಕೋ—

ಹಾರ್ನ್ ಹೊಡೆಯುತ್ತಿದ್ದಾಳೆ. ಆಗಲೇ ಹತ್ತಿ ಕೂತಾಗಿದೆ. ಬರೆಯಲೂ ಬಿಡುವುದಿಲ್ಲ. ಮತ್ತೆ ಹೊಡೆದಳು. ಈ ಹೆಂಗಸಿಗೆ ಒಂದು ಚೂರೂ ತಾಳ್ಮೆ—